ತಂಗಿ ಹೊಲದಾಗಿನ ಪೈಪು

ಸಿಂಧನೂರಾಗ ನನ್ನಂಥ ಕಿಡಿಗೇಡಿ ಹಿಂದೂ ಹುಟ್ಟಿರಲಿಲ್ಲ, ಮುಂದೂ ಹುಟ್ಟಂಗಿಲ್ಲ. ಇದು ಬ್ಯಾರೆದವ್ರು ಹೇಳಬೇಕಾದ ಮಾತು, ಖರೇ. ಆದ್ರ ನನ್ನ ಕೈಯಾಗ ಬೇಸ್ತು ಬಿದ್ದವ್ರೊಳಗ ಅರ್ಧ ಮಂದಿ ಹೋಗಿಬಿಟ್ಟಾರ, ಉಳದವ್ರಿಗೆ ನಾಚಿಕಿ, ಬಾಯಿ ಬಿಡಂಗಿಲ್ಲ. ಅದಕ್ಕ ನಾನ ಹೇಳಾಕತ್ತೀನಿ.

ಬಸ್ ಸ್ಟ್ಯಾಂಡ್ ಎದುರಿಗೆ ನಂದೊಂದು ಸೈಕಲ್ ಅಂಗಡಿ ಇತ್ತು. ಪಂಕ್ಚರ್ ತಿದ್ದೋದು, ತಾಸಿನ ಲೆಕ್ಕಕ್ಕ ಬಾಡಿಗಿ ಸೈಕಲ್ ಕೊಡೋದು. ಒಂದಿನ ಧಂದೆ ಪೂರಾ ಥಂಡ ಇತ್ತು. ಚಾ ಕುಡಿಯಾಕ ಬಂದವ್ನ ಕಿವ್ಯಾಗ ಮೆಲ್ಲಕ ಅಂದೆ, ತೆಲುಗು ಸಿನಿಮಾದ ದೊಡ್ಡ ಹೀರೋ ಕಾಲುವಿ ಬಾಜೂ ಆಂಧ್ರದವ್ರ ಕ್ಯಾಂಪಿನಾಗ ಹೊಲ ಖರೀದಿ ಮಾಡಾಕ ಬಂದಾನಂತ, ಯಾರಿಗೂ ಹೇಳಬ್ಯಾಡ. ಒಂದು ತಾಸಿನಾಗ ಅಂಗಡ್ಯಾಗ ಒಂದು ಸೈಕಲ್ ಉಳೀಲಿಲ್ಲ. ಸಂಜಿಗೆ ಧೂಳು ಬಡ್ಕೊಂಡು ಮರಳಿ ಬಂದವ್ರು ನನ್ನ ಹೊಡೀಬೇಕಂತ ಬಂದ್ರು. "ಅವಾ ಈಗ ಹೋದ, ಐದು ನಿಮಿಷ ತಡಾ ಮಾಡಿದ್ರಿ" ಅಂದೆ. ಮರುದಿನ ಮತ್ತ ನಾಕು ಮಂದಿ ಸೈಕಲ್ ಒಯ್ದ್ರು. ಹಿಂಗಿತ್ತು ನಮ್ಮ ಬದುಕು.

ಎಂಬತ್ತರ ದಶಕ ಮುಗಿಯಾಕ ಬಂದಾಗ ಊರಿಗೆ ಮೂರು ಮಂದಿ ಕಲ್ತವ್ರು ಬಂದ್ರು. ಒಬ್ರು ಇಂಜಿನಿಯರಿಂಗ್ ಕಾಲೇಜಿನ ಸರ್, ಮೈಸೂರು ಕಡಿ ಮಾತು. ಕಾಲುವಿ, ನೀರು, ನೆಲ ಅವ್ರ ವಿಷಯ. ಇನ್ನೊಬ್ಬ ವ್ಯಾಪಾರ ಕಲಸೋ ಮಾಸ್ತರ, ಹುಬ್ಬಳ್ಳಿ ಕಡಿಯವ, ಇನ್ನೂ ಮೀಸಿ ಕರೆಕ್ಟ್ ಬಂದಿರಲಿಲ್ಲ. ಮೂರನೇದವ್ರು ಬಿ.ಎಡ್. ಕಾಲೇಜಿನ ಮೇಡಮ್, ಗುಲ್ಬರ್ಗಾ ಕಡಿಯವ್ರು, ದಪ್ಪ ಕನ್ನಡಕ. ಮೂರೂ ಮಂದಿ ಬ್ಯಾರೆ ಬ್ಯಾರೆ ವಿದ್ಯಾದವ್ರು, ಒಂದ ಪುಸ್ತಕ ಬರೀತೀವಿ ಅಂತ ಗಂಜ್ ಮಾರ್ಕೆಟ್ ಹಿಂದ ಒಂದು ಬಾಡಿಗಿ ಮನಿ ಹಿಡಿದ್ರು. ಊರು, ಕ್ಯಾಂಪು, ಹಾದಿ ಎಲ್ಲಾ ತೋರಸಾಕ ಮೂರು ಭಾಷೆ ಬರೋ ಒಬ್ಬ ಬೇಕಾಗಿದ್ದ. ಕನ್ನಡ, ತೆಲುಗು, ದಖನಿ ಮೂರರಾಗೂ ಸುಳ್ಳು ಹೇಳಾಕ ಬರೋವ ಸಿಂಧನೂರಾಗ ನಾ ಒಬ್ಬನ.

"ಏನ್ ಪುಸ್ತಕ್ರೀ ಅದು?" ಅಂತ ಕೇಳಿದೆ. ಇಂಜಿನಿಯರ್ ಸರ್ ಒಂದು ಉದ್ದನ್ನ ಸಂಸ್ಕೃತ ಶಬ್ದ ಹೇಳಿದ್ರು. ನಾ ಹಲ್ಲು ಕಿಸದೆ. ಮೇಡಮ್ಮು ನನ್ನ ಮಾರಿ ನೋಡಿ ನಕ್ಕು ಅಂದ್ರು, "ನೋಡ್ರಿ ಕಾಕಾ, ಕಾಲುವಿ ಬಂತು, ನಿಮಗ ಭತ್ತ ಬಂತು. ಈ ಭತ್ತ ಎಷ್ಟು ದಿನ ಬಾಳಿಕಿ ಬರತೈತಿ? ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಈ ನೆಲ ಅನ್ನ ಕೊಡಬೇಕಂದ್ರ ಏನ್ ಮಾಡಬೇಕು? ಸರ್ ನೆಲ ನೋಡ್ತಾರ, ಇವ್ರು ಪ್ಯಾಟಿ ನೋಡ್ತಾರ, ನಾ ಸಾಲಿ ನೋಡ್ತೀನಿ."

"ಮತ್ತ ನಾ ಏನ್ ನೋಡ್ಲಿರೀ?"

"ನೀವು ನಮ್ಮನ್ನ ನೋಡ್ಕೊಳ್ರಿ."

ನೋಡ್ಕೊಂಡೆ, ಬರೋಬ್ಬರಿ ನೋಡ್ಕೊಂಡೆ. ಮೊದಲ ವಾರದಾಗ ವ್ಯಾಪಾರದ ಮಾಸ್ತರನ್ನ ದಢೇಸುಗೂರು ಕಡಿ ಗದ್ದ್ಯಾಗ ಕರಕೊಂಡು ಹೋಗಿ ಬದುವಿನ ಮ್ಯಾಲ ಬೆಳದ ಜೇಕಿನ ಹುಲ್ಲು ತೋರಿಸಿ, "ಇದು ಹೊಸ ತಳಿ ಭತ್ತ ನೋಡ್ರಿ, ಸಕ್ಕರಿ ಬ್ಯಾನಿ ಇದ್ದವ್ರು ಉಣ್ಣೋದು, ಹೈದರಾಬಾದಿಗೆ ಹೋಗತೈತಿ" ಅಂದೆ. ಆ ಮಾಸ್ತರ ಎರಡು ಪುಟ ಬರಕೊಂಡ. ಅದರ ಬೆಲಿ ಏನು ಅಂತ ಕೇಳಿದ, ಹೇಳಿದೆ. ಹದಿನೈದು ದಿನದ ಮ್ಯಾಲ ಒಂದು ರೈಸ್ ಮಿಲ್ಲಿನಾಗ ಕುಂತು ಅವಾ ಜೇಕಿನಕ್ಕಿ ರೇಟ್ ಕೇಳಿದ್ನಂತ. ಮಿಲ್ಲಿನ ಮಂದಿ ಚೀಲದ ಮ್ಯಾಲ ಬಿದ್ದು ನಕ್ಕಾರ. ನನ್ನ ಅಂಗಡಿಗೆ ಬಂದು, "ಕಾಕಾ, ನಿಮ್ಮನ್ನ ಜೀವನದಾಗ ಇನ್ನ ನಂಬಂಗಿಲ್ಲ" ಅಂದ. "ಅದ ಮೊದಲ್ನೇ ಪಾಠ ತಮ್ಮಾ" ಅಂದೆ. ಆ ಮಾತು ನನಗ ಹೆಂಗ ಉರುಳಾತು ಅನ್ನೋದು ಮುಂದ ಬರತೈತಿ.

ಇಂಜಿನಿಯರ್ ಸರ್ ಮಾತ್ರ ನನ್ನ ನಂಬಿದ್ರು. ಅವ್ರ ಕೆಲಸ ಹಿಂಗ. ಒಂದು ಡಜನ್ ಹೊಲದಾಗ ನೆಲಕ್ಕ ತೂತು ಹೊಡದು ಉದ್ದನ್ನ ಪೈಪು ಇಳಿಸಿದ್ರು. ಮ್ಯಾಲ ಮುಚ್ಚಳ, ಮುಚ್ಚಳಕ್ಕ ಕೆಂಪು ಬಣ್ಣ. ಹದಿನೈದು ದಿನಕ್ಕೊಮ್ಮೆ ನಾ ಸೈಕಲ್ ಮ್ಯಾಲ ಹೋಗಿ, ಮುಚ್ಚಳ ತಗದು, ತುದಿಗೆ ಹಿತ್ತಾಳಿ ಗುಂಡು ಕಟ್ಟಿದ ಟೇಪ್ ಒಳಗ ಬಿಡಬೇಕು. ಗುಂಡು ನೀರಿಗೆ ಬಡದು ಠಪ್ ಅಂತೈತಿ. ಎಷ್ಟು ಆಳಕ್ಕ ಠಪ್ ಅಂತು ಅಂತ ರಿಜಿಸ್ಟರಿನಾಗ ಬರದು ಸಹಿ ಹಾಕಬೇಕು. ನೀರು ಮೊಣಕಾಲಿನಷ್ಟು ಆಳದಾಗ ಸಿಕ್ರ ಆ ಹೊಲಕ್ಕ ಕೇಡು. ಕೆಳಗಿನ ನೀರು ಉಪ್ಪು ಹೊತ್ಕೊಂಡು ಮ್ಯಾಲ ಬರತೈತಿ, ಬಿಸಲಿಗೆ ನೀರು ಆರತೈತಿ, ಉಪ್ಪು ಉಳೀತೈತಿ. ಅದನ್ನ ನಾವು ಸವಳು ಅಂತೀವಿ. ಸವಳು ಹಿಡದ ಹೊಲಕ್ಕ ಒಂದ ಮದ್ದು, ಆ ನೀರು ಬಸದು ಹೋಗೂ ಹಂಗ ಬಸಿಗಾಲುವಿ ತೋಡೋದು. ಪೈಪಿನ ಲೆಕ್ಕ ನೋಡಿ ಯಾವ ಹೊಲಕ್ಕ ಬಸಿಗಾಲುವಿ ಬೇಕಂತ ಒಂದು ಪಟ್ಟಿ ಆಕ್ಕೈತಿ, ಒಂದು ಕಾಲುವಿಗೆ ಮಂಜೂರಿ ಬರತೈತಿ ಅಂತ ಸರ್ ಹೇಳಿದ್ರು.

ಆ ಡಜನ್ ಪೈಪಿನಾಗ ಒಂದು ನನ್ನ ತಂಗಿ ಹೊಲದಾಗಿತ್ತು.

ತಂಗಿದು ಮಸ್ಕಿ ರೋಡಿನ ಬಾಜೂ ಒಂದು ಊರು. ಗಂಡ ತೀರಿ ಹೋಗಿದ್ದ. ಮದುವಿಗೆ ಬಂದ ಮಗ ಒಬ್ಬ, ಮೂರನೇತ್ತ ಓದೋ ಮಗಳು ಒಬ್ಬಾಕಿ. ನಾಕು ಎಕರೆ ಹೊಲ, ಅದ ಅವ್ರ ಜೀವ. ಕಾಲುವಿಗಿಂತ ತಗ್ಗಿನಾಗಿತ್ತು, ಮ್ಯಾಲಿನವ್ರ ಗದ್ದಿ ನೀರೆಲ್ಲಾ ಜಿನುಗಿ ಅಲ್ಲೇ ಬಂದು ಕೂಡ್ತಿತ್ತು. ಮೊದಲನೇ ಸಲ ನಾ ಟೇಪ್ ಬಿಟ್ಟಾಗ ಗುಂಡು ಕೈಯಿಂದ ಜಾರೋದ್ರೊಳಗ ಠಪ್ ಅಂತು. ಸರ್ ಅಂದ್ರು, "ನಿಮ್ಮ ತಂಗಿಯವರ ಹೊಲ ಪಟ್ಟಿಯಲ್ಲಿ ಮೊದಲು ಬರುತ್ತೆ. ಈಗಲೇ ಬಸಿದರೆ ಉಳಿಯುತ್ತೆ. ತಡ ಮಾಡಿದರೆ ಇಲ್ಲ." ನನಗ ಖುಷಿ ಆತು. ತಂಗಿಗೆ ಹೇಳಿದ್ರ ಅಕಿ ಮಾರಿ ಸಣ್ಣದಾತು.

ಯಾಕಂದ್ರ ಅದ ವರ್ಷ ಮಗಗ ಹೆಣ್ಣು ನೋಡಿದ್ವಿ, ಗುರುಗುಂಟಾದಾಗ. ಒಣ ಬೇಸಾಯದ ಮನಿ, ಕುರಿ, ಜ್ವಾಳ, ತೊಗರಿ. ಹುಡುಗಿ ಚಲೋ. ಆದ್ರ ನಮ್ಮ ಕಡಿ ಹೆಣ್ಣು ಕೊಡೋರು ಹುಡುಗನ್ನ ನೋಡೂದು ಆಮ್ಯಾಲ, ಮೊದಲು ಹೊಲ ನೋಡ್ತಾರ. ಬದುವಿನ ಮ್ಯಾಲ ಹಿರ್ಯಾರು ನಿಂತು, ಒಂದು ಹೆಂಟಿ ಎತ್ತಿ, ಪುಡಿ ಮಾಡಿ, ನಾಲಿಗಿ ತುದಿಗೆ ಇಟ್ಕೊಂಡು ನೋಡ್ತಾರ. ಉಪ್ಪು ಹತ್ತಿದ್ರ ಚಾ ಸುದ್ದಾ ಕುಡೀದ ಎದ್ದು ಹೋಗ್ತಾರ. ಸವಳು ಹೊಲದ ಮನಿ ಅಂತ ಒಮ್ಮೆ ಹೆಸರು ಬಂತಂದ್ರ ಸುತ್ತ ಹತ್ತು ಊರಾಗ ಹೆಣ್ಣು ಸಿಗಂಗಿಲ್ಲ. ಇನ್ನ ಆ ಕೆಂಪು ಮುಚ್ಚಳದ ಪೈಪು! ಊರ ಮಂದಿ ಅದಕ್ಕ ರೋಗದ ಗೂಟ ಅಂತ ಹೆಸರಿಟ್ಟಿದ್ರು. ಯಾರ ಹೊಲದಾಗ ಗೂಟ ಐತೋ ಅವ್ರ ಹೊಲ ಸತ್ತಂಗ ಅಂತ ಮಾತು.

ಬೀಗರು ಬರೋ ವಾರ ತಂಗಿ ನನ್ನ ಅಂಗಡಿಗೆ ಬಂದ್ಲು. ಸೆರಗಿನ ತುದಿ ಬೆರಳಿಗೆ ಸುತ್ತಕೋತ ನಿಂತ್ಲು.

"ಅಣ್ಣಾ, ಆ ಗೂಟ ಒಂದಿಷ್ಟು ದಿನ ತಗೀತಿ ಏನು? ಮದುವಿ ಆದಮ್ಯಾಲ ಮತ್ತ ಹುಗಿ."

"ಹುಚ್ಚಿ, ಅದು ಸರಕಾರಿ ಕೆಲಸ ಇದ್ದಂಗ."

"ನೀ ಸರಕಾರಕ್ಕ ಅಂಜಿದ್ದು ಯಾವಾಗ?"

ಅಷ್ಟಂದ್ಲು ನೋಡ್ರಿ, ನನ್ನ ರಕ್ತ ಕುದೀತು. ಬ್ಯಾಸಗಿ ಇತ್ತು. ಕಾಲುವಿ ಬಂದ್ ಆಗಿತ್ತು. ಆ ಮೂರೂ ಮಂದಿ ಕಾಲೇಜಿನ ಪರೀಕ್ಷಾ ಅಂತ ತಮ್ಮ ತಮ್ಮ ಊರಿಗೆ ಹೋಗಿದ್ರು. ನಾನೂ ತಂಗಿ ಮಗನೂ ಕೂಡಿ ಪೈಪು ಕಿತ್ತು, ಬಾಜೂದವ್ರ ಎತ್ತರದ ಹೊಲದ ಮೂಲ್ಯಾಗ ಹುಗದ್ವಿ. ಅದು ಕರಕಿ ಬೆಳದ, ಬಿತ್ತದ ಬಿಟ್ಟ ಪಡಾ ಮೂಲಿ, ಅವ್ರು ಕೇಳಾಕ ಬರಲಿಲ್ಲ. ಆಮ್ಯಾಲ ತಂಗಿ ಹೊಲದ ಮ್ಯಾಲ ಬೆಳ್ಳಗ ಎದ್ದಿದ್ದ ಸವಳನ್ನ ನಾಕು ಮಂದಿ ಕೂಡಿ ಬಾರಗಿ ಹಚ್ಚಿ ಕೂಡಿಸಿದ್ವಿ, ಬುಟ್ಟ್ಯಾಗ ತುಂಬಿ ಹಳ್ಳಕ್ಕ ಒಗದ್ವಿ. ನನ್ನ ಸೊಸಿ, ಅಂದ್ರ ತಂಗಿ ಮಗಳು, ಅಕಿನೂ ಸಣ್ಣ ಬಾರಗಿ ಹಿಡದು ಬಳದ್ಲು. "ಮಾಮಾ, ಹೊಲ ಕಸಾ ಹೊಡೀತಾರೇನು?" ಅಂತ ಕೇಳಿದ್ಲು. "ಬೀಗರು ಬರೋ ಮುಂದ ಅಂಗಳ ಹೊಡಿಯಂಗಿಲ್ಲೇನು? ಇದೂ ಹಂಗ" ಅಂದೆ. ಎಲ್ಲಾರೂ ನಕ್ಕ್ವಿ. ಎರಡು ಬಂಡಿ ಚಲೋ ಕರಿಮಣ್ಣು ತರಿಸಿ, ಬೀಗರು ಎಲ್ಲಿ ನಿಲ್ಲತಾರೋ ಆ ಬದುವಿನ ಗುಂಟ ಹಾಸಿದೆ.

ಗುರುಗುಂಟಾದ ಬೀಗ ಬಂದ. ಎತ್ತರದ ಆಳು, ಮಾತು ಕಡಿಮಿ, ತಲಿಗೆ ಬಿಳಿ ರುಂಬಾಲು. ನಾ ಅವನ್ನ ನನ್ನ ಬದುವಿನ ಮ್ಯಾಲ ನಿಂದ್ರಿಸಿದೆ. ಅವಾ ಬಗ್ಗಿ ಹೆಂಟಿ ಎತ್ತಿದ, ತಿಕ್ಕಿದ, ನಾಲಿಗಿಗೆ ಇಟ್ಕೊಂಡ. ಕಣ್ಣು ಮುಚ್ಚಿದ. 

"ಮಣ್ಣು ಚಲೋ ಐತಿ" ಅಂದ.

"ನಮ್ಮ ಮಣ್ಣಲ್ಲೇನ್ರೀ ಬೀಗ್ರ, ಉಪ್ಪು ಕಡಿಮಿ ಅನಿಸಿದ್ರ ಹೇಳ್ರಿ, ಸ್ವಲ್ಪ ಹಾಕಸ್ತೀನಿ" ಅಂದೆ. ಅವಾ ಮೊದಲ್ನೇ ಸಲ ನಕ್ಕ. ಅದ ತಿಂಗಳು ಮಸ್ಕ್ಯಾಗ ಅರಿವಿ ತಂದ್ವಿ, ಮದುವಿ ಆತು. ಮದುವಿ ಊಟದಾಗ ನಾ ಈ ಕಥಿ ಒಂದಿಬ್ಬರಿಗೆ ಹೇಳಿ ಮೀಸಿ ತಿರಿವಿದೆ ಸುದ್ದಾ. ನನ್ನ ಜೀವನದ ಎಲ್ಲಾ ಆಟದಾಗ ಇದಕ್ಕಿಂತ ಮಿಗಿಲು ಇಲ್ಲ ಅಂತ ಆಗ ಅನಿಸಿತ್ತು.

ಮದುವಿ ಆದಮ್ಯಾಲ ಪೈಪು ಮರಳಿ ಹುಗೀಬೇಕಾಗಿತ್ತು. ಹುಗೀಲಿಲ್ಲ. ಇವತ್ತು, ನಾಳೆ. ಹೊಸ ಬೀಗರು ಆಗಾಗ ಬರ್ತಿದ್ರು, ಕಂಡ್ರ ಹೆಂಗ? ಇನ್ನೊಂದು, ಮರಳಿ ಹುಗದ್ರ ನೀರು ಒಮ್ಮಿಗೇ ಮ್ಯಾಲ ಜಿಗದಂಗ ರಿಜಿಸ್ಟರಿನಾಗ ಕಾಣತೈತಿ, ಸರ್ ಕೇಳ್ತಾರ. ಕಿತ್ತಾಗ ಕೇಳಿರಲಿಲ್ಲ, ಕಾಲುವಿ ಬಂದ್ ಇದ್ದದ್ದಕ್ಕ ಎಲ್ಲಾ ಪೈಪಿನಾಗೂ ನೀರು ಇಳದಿತ್ತು, ನಮ್ಮದು ಸ್ವಲ್ಪ ಜಾಸ್ತಿ ಇಳದಂಗ ಕಂಡಿತ್ತು, ಅಷ್ಟ. ಮತ್ತ ಖರೇ ಹೇಳ್ತೀನಿ, ಸರ್ ಆ ರಿಜಿಸ್ಟರ್ ನೋಡಿ, "ಕಾಲೇಜು ಹುಡುಗರೂ ಇಷ್ಟು ನೀಟಾಗಿ ಬರೆಯಲ್ಲ" ಅಂದಿದ್ರು. ಆ ಹೊಗಳಿಕಿ ಕೈಬಿಡಾಕ ಮನಸ್ಸಾಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗ್ತಿದ್ದೆ, ಬಾಜೂದವ್ರ ಎತ್ತರದ ಹೊಲದಾಗ ಟೇಪ್ ಬಿಡ್ತಿದ್ದೆ, ಗುಂಡು ಆಳಕ್ಕ ಇಳದು ಎಷ್ಟೋ ಹೊತ್ತಿಗೆ ಠಪ್ ಅಂತಿತ್ತು, ತಂಗಿ ಹೊಲದ ಲೆಕ್ಕ ಅಂತ ಬರದು ಸಹಿ ಹಾಕ್ತಿದ್ದೆ.

ಶ್ರಾವಣದಾಗ ಮೇಡಮ್ಮು ತಮ್ಮ ಕೆಲಸ ಸುರು ಮಾಡಿದ್ರು. ಪೈಪಿದ್ದ ಊರಿನ ಸಾಲಿಗೆಲ್ಲಾ ಹೋಗಿ ಮಕ್ಕಳಿಗೆ ಹಾಳಿ, ಬಣ್ಣದ ಕಡ್ಡಿ ಕೊಟ್ಟು, "ನಿಮ್ಮ ನಿಮ್ಮ ಹೊಲ ಬ್ಯಾಸಗ್ಯಾಗ ಹೆಂಗ ಇರತೈತಿ, ಅದನ್ನ ತಗೀರಿ" ಅಂದ್ರು. ಬ್ಯಾಸಗ್ಯಾಗ ಯಾಕಂತ ನಾ ಕೇಳಿದೆ. "ಬ್ಯಾಸಗ್ಯಾಗ ನಾವು ಇಲ್ಲಿ ಇರಂಗಿಲ್ಲಲ್ರೀ ಕಾಕಾ, ಮಕ್ಕಳು ಇರ್ತಾರ" ಅಂದ್ರು. ಆಗ ನನಗ ಸೊಸಿ ಕೈಯಾಗಿನ ಬಾರಗಿ ನೆನಪಾತು. ಆ ಹೆಣ್ಣಮಗಳು ಎಂಥಾ ಜಾಣಿ ಇದ್ದಳು ನೋಡ್ರಿ.

ಗಂಜ್ ಹಿಂದಿನ ಮನ್ಯಾಗ ನೆಲದ ಮ್ಯಾಲ ಸರ್ ತಮ್ಮ ನಕಾಶಿ ಹಾಸಿದ್ರು. ಮೇಡಮ್ಮು ಒಂದೊಂದ ಚಿತ್ರ ತಂದು ಆ ಆ ಹೊಲದ ಜಾಗಾದಾಗ ಇಟ್ಟ್ರು. ಪೈಪಿನಾಗ ನೀರು ಮ್ಯಾಲಿದ್ದ ಹೊಲದ ಮಕ್ಕಳು ಹಾಳಿ ಅಲ್ಲಲ್ಲಿ ಬಿಳಿ ಬಿಟ್ಟಿದ್ರು. ನೀರು ಆಳಕ್ಕಿದ್ದ ಹೊಲದ ಮಕ್ಕಳು ಪೂರಾ ಕಂದು ಬಣ್ಣ, ಕರಿ ಬಣ್ಣ ತೀಡಿದ್ರು. ಒಂದ ಒಂದು ಚಿತ್ರ ಮಾತ್ರ ಪೈಪಿನ ಲೆಕ್ಕಕ್ಕ ಕೂಡಲಿಲ್ಲ. ಮನಿ, ಗಿಡ, ಎಮ್ಮಿ, ಬದು ಎಲ್ಲಾ ಬಣ್ಣ ಬಣ್ಣ, ನಡಕ ಹೊಲ ಮಾತ್ರ ಖಾಲಿ ಬಿಳಿ ಹಾಳಿ. ಕೆಳಗ ನನ್ನ ಸೊಸಿ ಹೆಸರು, ಸೊಟ್ಟ ಅಕ್ಷರ.

"ಈ ಹೊಲಕ್ಕ ಪೈಪು ಏನ್ ಹೇಳತೈತಿ?" ಮೇಡಮ್ಮು ಕೇಳಿದ್ರು.

"ಮೊದಲು ನೀರು ಮೇಲಿತ್ತು, ಬೇಸಿಗೆಯಿಂದ ಇಳಿದೇ ಇದೆ. ಈಗ ಚೆನ್ನಾಗಿದೆ ಅನ್ನುತ್ತೆ" ಅಂದ್ರು ಸರ್.

"ಹುಡುಗಿ ಪೂರಾ ಸವಳು ಅಂತಾಳ."

"ಹುಡುಗಿಗೆ ಬಣ್ಣ ತೀರಿರಬೇಕು" ಅಂದ ವ್ಯಾಪಾರದ ಮಾಸ್ತರ.

"ಹನ್ನೊಂದು ಕೂಡ್ಯಾವ, ಒಂದು ಕೂಡಿಲ್ಲ. ಒಂದು ಕೂಡಲಿಲ್ಲಂದ್ರ ಅಲ್ಲೇ ಏನೋ ಐತಿ, ಹೋಗಿ ನೋಡೂಣು" ಅಂದ್ರು ಮೇಡಮ್ಮು.

"ಮೇಡಂ, ಪೈಪು ಸುಳ್ಳು ಹೇಳಲ್ಲ. ಮಕ್ಕಳ ಚಿತ್ರ ಪುರಾವೆ ಆಗಲ್ಲ" ಅಂದ್ರು ಸರ್. ಆದ್ರೂ ಹೋದ್ವಿ, ನಾಕೂ ಮಂದಿ.

ಆಗಷ್ಟ ನಾಟಿ ಮುಗದಿತ್ತು. ಹೊಲದ ತುಂಬ ನೀರು, ನೀರಿನ ಮ್ಯಾಲ ಎಳೀ ಹಸಿರು ಸಸಿ. ಸವಳು ನೀರಿನ ಕೆಳಗ ಮಲಗಿತ್ತು. ರೋಡಿನ ಮ್ಯಾಲ ನಿಂತು ನಾ ಕೈ ಚಾಚಿ, "ಪೈಪು ಅಲ್ಲೈತಿ ನೋಡ್ರಿ, ಆ ಬದುವಿನ ಹತ್ರ, ಕೆಸರು ಭಾಳ" ಅಂದೆ. ಕೆಂಪು ಮುಚ್ಚಳ ಕಾಣ್ತು, ಯಾರ ಬದು ಅಂತ ದೂರದಿಂದ ತಿಳಿಯಂಗಿರಲಿಲ್ಲ. ಸಾಲಿ ಬಿಟ್ಟು ಬಂದ ಸೊಸಿನ್ನ ಮೇಡಮ್ಮು ಕರದ್ರು. ರೋಡಿನ ಮ್ಯಾಲ ಕುಕ್ಕರಗಾಲಿಲೆ ಕುಂತು, ಅಕಿ ಎರಡೂ ಕೈ ಹಿಡದು ಕೇಳಿದ್ರು.

"ಅವ್ವಿ, ಹೊಲಕ್ಕ ಬಣ್ಣ ಯಾಕ ಹಚ್ಚಲಿಲ್ಲ?"

ಸೊಸಿ ಬಾಯಿ ತಗದ್ಲು. ಆಮ್ಯಾಲ ನನ್ನ ಮಾರಿ ನೋಡಿದ್ಲು.

ನಾ ಏನು ಮಾಡಬೇಕಾಗಿತ್ತು? ನನಗ ಬರೋದ ಒಂದ ಕಲಾ. "ಏನ್ ಕೇಳ್ತೀರಿ ಮೇಡಮ್, ಅಕಿ ಮೈಗಳ್ಳಿ, ನಮ್ಮ ಮನಿತನದ ರೋಗ ಅದು. ಊಟಕ್ಕ ಕುಂತ್ರೂ ಅರ್ಧಕ್ಕ ಎದ್ದು ಓಡ್ತಾಳ, ಇನ್ನ ಚಿತ್ರ ಪೂರಾ ಮಾಡ್ತಾಳೇನು?" ಅಂದೆ. ಸರ್ ನಕ್ಕ್ರು. ಮಾಸ್ತರ ಗೊಳ್ ಅಂತ ನಕ್ಕ. ಅಕಿ ನಗಲಿಲ್ಲ. ತಲಿ ಬಗ್ಗಿಸಿ, ಕಾಲ್ಬೆರಳಿಲೆ ಮಣ್ಣು ಕೆದರಕೋತ ಅಂದ್ಲು, "ಬಣ್ಣ ತೀರಿತ್ರೀ."

ಮೂರನೇತ್ತದ ಕೂಸು, ನನ್ನ ಸುಳ್ಳಿಗೆ ತನ್ನ ಸುಳ್ಳು ಕೊಟ್ಟು ನನ್ನ ಮಾನ ಉಳಿಸ್ತು. ನಾ ನಕ್ಕೋತ ನಿಂತಿದ್ದೆ. 

ಮೇಡಮ್ಮು ಎದ್ದ್ರು. ಮೊಣಕಾಲಿಗೆ ಹತ್ತಿದ ಧೂಳು ಜಾಡಿಸಿಕೊಂಡ್ರು.  ಆಮ್ಯಾಲ ಆ ಮೂವರೊಳಗ ಜಗಳ ಹತ್ತಿತು. ಚಿತ್ರ ಪುಸ್ತಕದಾಗ ಇರಬೇಕಂತ ಮೇಡಮ್ಮು, ಒಂದು ತಪ್ಪಿದ ಮ್ಯಾಲ ಅದು ಅಳತಿ ಅಲ್ಲ, ಆಟ ಅಂತ ಸರ್. ದಸರಾ ಸೂಟಿ ಮುಗದ ಮ್ಯಾಲ ಇಬ್ಬರ ಬಂದ್ರು. ಮೇಡಮ್ಮಿನ ಭಾಗ ಬಿಟ್ಟು ಪುಸ್ತಕ ಆಕ್ಕೈತಿ ಅಂತ ತಿಳೀತು. ಸೂಟಿಗೆ ಹೋಗೂ ಮುಂದ ಮೇಡಮ್ಮು ನನ್ನ ಅಂಗಡಿ ಮುಂದ ನಿಂತು, "ಬರ್ತೀನ್ರೀ ಕಾಕಾ, ಆ ಹುಡುಗಿನ್ನ ಸಾಲಿ ಬಿಡಸಬ್ಯಾಡ್ರಿ, ಅಕಿ ಕಣ್ಣು ಚಲೋ ಅದಾವ" ಅಂದಿದ್ರು. ನಾ ಅವ್ರಿಗೆ ಖರೇ ಹೇಳಲಿಲ್ಲ. ಆಗೂ ಹೇಳಲಿಲ್ಲ, ಆಮ್ಯಾಲ ಕಾಗದ ಬರದೂ ಹೇಳಲಿಲ್ಲ. ಎಲ್ಲದಾರೋ ಏನೋ.

ಆ ಸಲದ ಭತ್ತ ಜೊಳ್ಳಾತು. ಮಾಗಿ ಮುಗದು ಬಿಸಿಲೇರಿದಂಗ ಹೊಲ ಬೆಳ್ಳಗಾತು. ಹಿಂದಿನ ವರ್ಷ ಬಾರಗಿಗೆ ಬರೋವಷ್ಟು ತೆಳ್ಳಗ ಇದ್ದದ್ದು ಈಗ ನಾಕೂ ಬದು ತನಕ ದಪ್ಪ ಕಟ್ಟಿತ್ತು. ನಡದ್ರ ಕಾಲ ಕೆಳಗ ಹಪ್ಪಳ ಮುರದಂಗ ಸಪ್ಪಳ. ತಂಗಿ ಬದುವಿನ ಮ್ಯಾಲ ನಿಂತು, "ಬಾರಗಿ ತರ್ಲೇನಣ್ಣಾ?" ಅಂದ್ಲು. ಚಾಷ್ಟಿ ಮಾಡಿದ್ಲೋ, ಖರೇನ ಕೇಳಿದ್ಲೋ ನನಗ ತಿಳೀಲಿಲ್ಲ.

ಪಟ್ಟಿ ಕಳಸೋ ಕೆಲಸಕ್ಕ ಸರ್ ಮತ್ತ ಮಾಸ್ತರ ಲಿಂಗಸುಗೂರಿಗೆ ಬಂದಾರ ಅಂತ ಗೊತ್ತಾತು. ಟವೆಲಿನಾಗ ಒಂದು ಬೊಗಸಿ ಸವಳು ಕಟ್ಕೊಂಡು ಮೊದಲ್ನೇ ಬಸ್ಸಿಗೆ ಹೋದೆ. ಕಚೇರಿ ಮುಂದಿನ ಹೋಟೆಲಿನಾಗ ಇಬ್ಬರೂ ವಗ್ಗರಣಿ ಮಂಡಕ್ಕಿ ತಿನ್ನಾಕತ್ತಿದ್ರು. ಟೇಬಲ್ ಮ್ಯಾಲ ಗಂಟು ಬಿಚ್ಚಿದೆ.

"ಸರ್, ಇದು ನನ್ನ ತಂಗಿ ಹೊಲದ್ದು. ಪೈಪು ನಾ ಕಿತ್ತಿದ್ದೆ. ಬಾಜೂ ಹೊಲದಾಗ ಹುಗದಿದ್ದೆ. ರಿಜಿಸ್ಟರಿನಾಗಿಂದು ಸುಳ್ಳು."

ಮಾಸ್ತರ ಕೆಮ್ಮೋ ತನಕ ನಕ್ಕ. "ಕಾಕಾ, ಜೇಕಿನಕ್ಕಿ ಆತು, ಈಗ ಉಪ್ಪೇನು? ಯಾವ ಕಿರಾಣಿ ಅಂಗಡ್ಯಾಗ ತಗೊಂಡ್ರಿ? ಈ ಸಲ ನಾ ಬೇಸ್ತು ಬೀಳಂಗಿಲ್ಲ ಬಿಡ್ರಿ."

"ತಮ್ಮಾ, ಇದು ಆಟ ಅಲ್ಲೋ."

"ಆಟ ಆಡೂ ಮುಂದನೂ ನೀವು ಹಿಂಗ ಅಂತೀರಿ."

ನಾ ತಂಗಿ ಮ್ಯಾಲ ಆಣಿ ಮಾಡಿದೆ. ಮಾಸ್ತರ ಇನ್ನೂ ನಗ್ತಿದ್ದ. ಸರ್ ಮಾತ್ರ ನಗಲಿಲ್ಲ. ನನ್ನ ಕಣ್ಣಾಗ ನೀರು ಬಂದದ್ದು ಅವ್ರು ಕಂಡ್ರು. ಒಂದು ಚಿಟಿಗಿ ಎತ್ತಿ ಬೆರಳಾಗ ತಿಕ್ಕಿ ನೋಡಿದ್ರು.  ತಟ್ಟಿ ದೂರ ಸರಿಸಿದ್ರು.

"ಆ ಮಗು ಸರಿಯಾಗಿ ಬರೆದಿತ್ತು" ಅಂದ್ರು. ಮತ್ತ, "ನಾನು ಮೇಡಂಗೆ ಏನೇನೋ ಅಂದುಬಿಟ್ಟೆ" ಅಂದ್ರು.

"ಈಗ ತಿದ್ರಿ ಸರ್. ತಂಗಿ ಹೊಲ ಪಟ್ಟ್ಯಾಗ ಸೇರಸ್ರಿ. ನನ್ನ ಜೇಲಿಗೆ ಹಾಕ್ರಿ, ಏನರ ಮಾಡ್ರಿ."

ಅವ್ರು ಹಣಿ ತಿಕ್ಕೊಂಡ್ರು. ಆಮ್ಯಾಲ ಹೇಳಿದ ಮಾತು ನನಗ ಅಕ್ಷರ ಅಕ್ಷರ ನೆನಪೈತಿ. "ನೋಡಿ, ಹನ್ನೆರಡೂ ಪೈಪಿನ ಲೆಕ್ಕ ನಿಮ್ಮ ಕೈಬರಹ, ನಿಮ್ಮ ಸಹಿ. ಒಂದು ಸುಳ್ಳು ಅಂತ ನಾನು ಬರೆದು ಕೊಟ್ಟರೆ ಮೇಲಿನವರು ಮಿಕ್ಕ ಹನ್ನೊಂದನ್ನೂ ನಂಬಲ್ಲ. ಇಡೀ ಕಾಗದ ವಾಪಸ್ ಬರುತ್ತೆ. ಮತ್ತೆ ಅಳೆಯೋದಕ್ಕೆ ಎರಡು ವರ್ಷ ಬೇಕು, ಯಾರೂ ಕೊಡಲ್ಲ. ಕಾಲುವೆಯೇ ಆಗಲ್ಲ. ಪಟ್ಟಿಯಲ್ಲಿರೋ ಆ ಕಡೆಯವರ ಹೊಲವೂ ನಿಮ್ಮ ತಂಗಿ ಹೊಲದ ಹಾಗೇ ಆಗುತ್ತೆ. ನೀವೇ ಹೇಳಿ, ಏನು ಮಾಡಲಿ?"

ಆ ಕಡಿ ಹೊಲದವ್ರ ಮಾರಿ ಒಂದೊಂದ ನನ್ನ ಕಣ್ಣ ಮುಂದ ಬಂದ್ವು. ಎಲ್ಲಾರ ಮನ್ಯಾಗ ಮಜ್ಜಿಗಿ ಕುಡದವ ನಾ. ಸರ್ ನಿರ್ಣಯ ನನ್ನ ಬಾಯಿಗೆ ಬಿಟ್ಟಿದ್ರು.  "ಹಂಗ ಕಳಸ್ರಿ ಸರ್" ಅಂದೆ. ಟವೆಲ್ ಕಟ್ಕೊಂಡು ಎದ್ದೆ. ಮಾಸ್ತರ ನನ್ನ ಮುಟ್ಟಾಕ ಕೈ ಚಾಚಿದ, ಮುಟ್ಟಲಿಲ್ಲ.

ಮಸ್ಕಿ ತನಕ ಬಸ್, ಅಲ್ಲಿಂದ ನಡದು ಹೋದೆ. ಮಸ್ಕಿ ಗುಡ್ಡದ ಬಂಡಿಗಲ್ಲ ಮ್ಯಾಲ ಅಶೋಕ ರಾಜ ಬರಸಿದ್ದು ಇವತ್ತಿಗೂ ಅಳಿಸಿಲ್ಲ. ನಾ ಬಾಲ್ ಪೆನ್ನಿನಾಗ ಬರದದ್ದೂ ಅಳಿಸವಲ್ಲದು ಅಂತ ಅನಿಸಿ ನಗಿ ಬಂತು, ನಗಲಿಲ್ಲ. ತಂಗಿ ರೊಟ್ಟಿ ಬಡ್ಯಾಕತ್ತಿದ್ಲು. ಎಲ್ಲಾ ಹೇಳಿದೆ. ಅಕಿ ರೊಟ್ಟಿ ತಿರುವಿ ಹಾಕಿ, ಒಲಿಗೆ ಒಂದು ಕಟಗಿ ಸರಿಸಿದ್ಲು.

"ಕೀಳು ಅಂತ ಹೇಳಿದಾಕಿ ನಾ. ನೀ ಯಾಕ ಅಳ್ತಿ? ಉಣ್ಣು."

ಬೈದಿದ್ರ ಚಲೋ ಇತ್ತು. ಮನಿ ಬಿಟ್ಟು ಹೊರಗ ಹಾಕಿದ್ರ ಇನ್ನೂ ಚಲೋ ಇತ್ತು. ರೊಟ್ಟಿ ಮ್ಯಾಲ ಬೆಣ್ಣಿ ಹಚ್ಚಿ ಕೊಟ್ಲು.

ಮುಂದಿನ ವರ್ಷ ಬಸಿಗಾಲುವಿ ತೋಡೋ ಮಷಿನ್ ಬಂತು. ತಂಗಿ ಹೊಲದಿಂದ ಕೂಗಿದ್ರ ಕೇಳಸುವಷ್ಟು ದೂರಕ್ಕ ಬಂದು ಆ ಕಡಿ ತಿರುವಿಕೊಂಡು ಹೋತು. ಆ ಕಡಿ ಹೊಲ ಎರಡು ಬೆಳಿಯೊಳಗ ಸುಧಾರಿಸಿದ್ವು, ಅದು ಒಂದು ಸಮಾಧಾನ ಅನ್ರಿ. ಸರ್ ಅವ್ರ ಪುಸ್ತಕ ಆತಂತ, ನಾ ನೋಡಿಲ್ಲ. ತಂಗಿ ಹೊಲದಾಗ ಒಂದು ವರ್ಷ ಅರ್ಧ ಭತ್ತ, ಮರುವರ್ಷ ಕಾಲು ಭಾಗ, ಆಮ್ಯಾಲ ಸಸಿನ ನೆಲ ಹಿಡೀಲಿಲ್ಲ. ತಂಗಿ, ನನ್ನ ಸೊಸಿ ಇಬ್ಬರೂ ಕ್ಯಾಂಪಿನವ್ರ ಗದ್ದಿಗೆ ನಾಟಿ ಹಚ್ಚಾಕ ಹೋಗಾಕತ್ತಿದ್ರು. ಸೊಸಿ ಏಳನೇತ್ತಕ್ಕ ಸಾಲಿ ಬಿಟ್ಟಳು. ಮೇಡಮ್ಮು ಬಿಡಸಬ್ಯಾಡ್ರಿ ಅಂದಿದ್ದು ನನ್ನ ಕಿವ್ಯಾಗ ಇತ್ತು. ನಾ ಅಕಿಗೆ ಹೇಳಿದೆ, "ಸಾಲಿಗೆ ಹೋಗವ್ವಾ, ನಾ ಓದಸ್ತೀನಿ." ಅಕಿ ಅಂದ್ಲು, "ಅವ್ವ ಒಬ್ಬಾಕಿ ನೀರಾಗ ನಿಲ್ಲತಾಳ ಮಾಮಾ, ನನಗ ಕುಂದ್ರಾಕ ಆಗವಲ್ಲದು."

ಮತ್ತೊಂದು ಬ್ಯಾಸಗಿ ಬಂತು. ಗುರುಗುಂಟಾದ ಬೀಗ ಟ್ರ್ಯಾಕ್ಟರ್ ತಗೊಂಡು ಬಂದ. ಅವನ ಮಗಳು, ಅಂದ್ರ ತಂಗಿ ಸೊಸಿ, ಮನ್ಯಾಗಿನ ಪರಿಸ್ಥಿತಿ ಹೇಳಿ ಕಳಿಸಿದ್ಲಂತ. ನೆಟ್ಟಗ ಹೊಲಕ್ಕ ಹೋದ. ನಾ ಅಲ್ಲೇ ಬೇಲಿ ಹತ್ರ ಇದ್ದೆ, ಓಡಿ ಹೋಗಾಕ ಜಾಗಾ ಇರಲಿಲ್ಲ. ಅವಾ ಬಗ್ಗಿ ಒಂದು ಹಿಡಿ ಬಿಳಿ ಮಣ್ಣು ಎತ್ತಿದ. ಈ ಸಲ ನಾಲಿಗಿಗೆ ಇಡಲಿಲ್ಲ. ನನ್ನ ನೋಡಿದ.

"ನನ್ನ ನಿಂದ್ರಿಸಿದ್ದು ಯಾವ ಬದು?" ಅಂತ ಕೇಳಿದ.

ತೋರಿಸಿದೆ.

"ಮಣ್ಣು ಎಲ್ಲಿದು?"

ಹೇಳಿದೆ. ಹೊಡೀತಾನ ಅಂತ ತಲಿ ಬಗ್ಗಿಸಿ ನಿಂತೆ. ಅವಾ ಕೈ ಝಾಡಿಸಿಕೊಂಡು, ರುಂಬಾಲು ಬಿಚ್ಚಿ ಮತ್ತ ಸುತ್ತಿಕೊಂಡ. "ನಾವು ಹೆಣ್ಣು ಹುಡುಗಗ ಕೊಟ್ಟೀವಿ, ಹೊಲಕ್ಕ ಕೊಟ್ಟಿಲ್ಲ" ಅಂದ. "ಅಲ್ಲಿ ನಮ್ಮದು ಕೆಂಪು ನೆಲ. ಮಳಿ ಬಂದ್ರ ಜ್ವಾಳ, ಬರ್ಲಿಲ್ಲಂದ್ರ ಕುರಿ. ಎಲ್ಲಾರೂ ಬರ್ಲಿ."

ಎಲ್ಲಾರೂ ಅಂದ್ರ ಎಲ್ಲಾರೂ. ಗಂಡನ ಮನ್ಯಾಗ ಯಜಮಾನಿ ಆಗಿದ್ದ ನನ್ನ ತಂಗಿ ಈಗ ತನ್ನ ಸೊಸಿಯ ತವರುಮನ್ಯಾಗ ಹೋಗಿ ಇರಬೇಕು, ಮಗ ಮಾವನ ಮನ್ಯಾಗ ದುಡೀಬೇಕು. ನಮ್ಮ ಕಡಿ ಅದಕ್ಕಿಂತ ಸಣ್ಣ ಮಾತು ಇನ್ನೊಂದಿಲ್ಲ. ಮೋಸ ಹೋದವನ ಅನ್ನಾನ ಈಗ ಅವ್ರ ಅನ್ನ. ತಂಗಿ ಸಾಮಾನು ಕಟ್ಟಿದ್ಲು. ಬೀಸೋ ಕಲ್ಲು, ಹಾಸಿಗಿ ಸುತ್ತು, ಹಂಡೆ, ಎಮ್ಮಿ ಹಗ್ಗ. ಎಮ್ಮಿ ಹಿಂದಿನ ವಾರ ಮಾರಿಯಾಗಿತ್ತು, ಹಗ್ಗ ಯಾಕ ಇಟ್ಕೊಂಡ್ಲೋ.

ಟ್ರ್ಯಾಕ್ಟರ್ ಸುರುವಾತು. ನನ್ನ ಸೊಸಿ ಹಾಸಿಗಿ ಸುತ್ತಿನ ಮ್ಯಾಲ ಕುಂತಿದ್ಲು, ಲಂಗ ದಾವಣಿ ವಯಸ್ಸು, ಮಾರಿ ಆ ಕಡಿ ತಿರುವಿದ್ಲು. ತಂಗಿ ಟ್ರೇಲರಿನ ಹಲಗಿ ಹಿಡದು ಬಗ್ಗಿ ನನ್ನ ಕೈ ಹಿಡದ್ಲು.

"ಅಣ್ಣಾ, ಏನರ ಹೇಳಪಾ. ನಿನ್ನ ಆ ಹೀರೋನ ಕಥಿ ಹೇಳು, ಇನ್ನೊಂದು ಹೇಳು, ಏನರ ಹೇಳಿ ನಗಸು. ಬೀಗರ ಮುಂದ ಅಳಕೋತ ಹೋಗಬಾರ್ದು ನಾ."

ಮೂರು ಭಾಷೆ ಬರ್ತಾವ ನನಗ. ಊರ ತುಂಬ ಮಂದೀನ ನಗಿಸೀನಿ, ಅಳೋವ್ರನ್ನ ನಗಿಸೀನಿ, ಹೆಣದ ಮುಂದ ಕುಂತವ್ರನ್ನ ಸುದ್ದಾ ನಗಿಸೀನಿ. ಬಾಯಿ ತಗದೆ. ಏನೂ ಬರಲಿಲ್ಲ. ಅಕಿ ಕಾಯಾಕತ್ತಿದ್ಲು. ಬೀಗ ಒಂದು ಗಳಿಗಿ ಟ್ರ್ಯಾಕ್ಟರ್ ನಿಂದ್ರಿಸಿದ, ಅವನೂ ಕಾದ. ಆಮ್ಯಾಲ ಗೇರ್ ಹಾಕಿದ, ಅಕಿ ಕೈ ನನ್ನ ಕೈಯಾಗಿಂದ ತಾನ ಬಿಟ್ಟುಕೊಂತು.